ಗೋಡೆಯ ಮೇಲೆ ದಪ್ಪಗಾದ ದೊಡ್ಡಪ್ಪ

ನಮ್ಮ ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದವು. ಕಳೆದ ಭಾನುವಾರ ಅವರು ಇದ್ದಕ್ಕಿದ್ದಂತೆ ದಪ್ಪಗಾದರು.

ಗಾಬರಿಯಾಗಬೇಡಿ. ಆದದ್ದು ಗೋಡೆಯ ಮೇಲೆ, ನನ್ನ ಪ್ರೊಜೆಕ್ಟರ್‌ನ ದಯೆಯಿಂದ.

ದೊಡ್ಡವ್ವನ ಮಗ ಬಸಣ್ಣ ಅಕ್ಕಿಆಲೂರಿನಲ್ಲಿ ಹೊಸ ಮನೆ ಕಟ್ಟಿಸಿದ್ದಾನೆ. ಮನೆ ಓಪನಿಂಗ್‌ಗೆ (ಗೃಹಪ್ರವೇಶ ಎಂಬ ಶಬ್ದ ಕಾರ್ಡಿನಲ್ಲಿ ಮಾತ್ರ ಇರುತ್ತದೆ) ಸವಣೂರು, ಹಾನಗಲ್ಲು, ಹಿರೇಕೆರೂರಿನಿಂದ ಬಳಗವೆಲ್ಲ ಬಂದಿತ್ತು. ಶಿಗ್ಗಾವಿಯಿಂದ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು, ಕಾರಿನ ಡಿಕ್ಕಿಯಲ್ಲಿ ಪ್ರೊಜೆಕ್ಟರ್ ಇಟ್ಟುಕೊಂಡು. ತರಲು ಹೇಳಿದ್ದು ಬಸಣ್ಣನೇ.

“ಅಕ್ಕನ ಮದುವಿ ಕ್ಯಾಸೆಟ್ ಇತ್ತಲ್ಲ, ಹುಬ್ಬಳ್ಳ್ಯಾಗ ಪೆನ್‌ಡ್ರೈವ್‌ಗೆ ಹಾಕ್ಸೇನಿ. ಹೊಸಾ ಗ್ವಾಡಿ ಮ್ಯಾಲೆ ದೊಡ್ಡದಾಗಿ ನೋಡೂಣು. ಅವ್ವಗ ಹೇಳಿಲ್ಲ ಮತ್ತ!”

ಊಟ ಮುಗಿಯಿತು. ಹಾಲ್‌ನ ಕಿಟಕಿಗಳಿಗೆ ಚಾದರ ಕಟ್ಟಿ, ದೊಡ್ಡವ್ವನನ್ನು ಮುಂದೆಯೇ ಕೂರಿಸಿದೆವು. ಪ್ರೊಜೆಕ್ಟರ್ ಇಡಲು ಸಿಕ್ಕಿದ್ದು ಒಂದು ಗಿಡ್ಡ ಸ್ಟೂಲು. ಚಿತ್ರ ಮೇಲೇರಲಿ ಎಂದು ಪ್ರೊಜೆಕ್ಟರ್‌ನ ಮುಂಭಾಗದ ಕೆಳಗೆ ಉಳಿದುಹೋದ ಆಮಂತ್ರಣ ಪತ್ರಿಕೆಗಳ ಕಟ್ಟು ಕೊಟ್ಟೆ. ಮುಖ ಎತ್ತಿದರೆ ಕೇಳಬೇಕೆ? ಚಿತ್ರ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಥೇಟ್ ಮೊರ.

ಅದಕ್ಕೆ ಮೆನುವಿನಲ್ಲಿ ‘ಕೀಸ್ಟೋನ್’ ಅಂತ ಒಂದಿದೆ. ಬಾಣದ ಬಟನ್ ಒತ್ತುತ್ತಾ ಹೋದರೆ ಮೇಲಿನ ಅಗಲ ಕುಗ್ಗಿ ನಾಲ್ಕೂ ಮೂಲೆ ನೆಟ್ಟಗಾಗುತ್ತವೆ. ಒತ್ತಿದೆ, ಆದವು. ಜನ ‘ಹೋ’ ಎಂದರು. (ಇಂಥ ಸಣ್ಣಸಣ್ಣ ‘ಹೋ’ಗಳ ಮೇಲೆಯೇ ನನ್ನ ಜೀವನ ನಡೆದಿದೆ.)

ವಿಡಿಯೊ ಶುರುವಾಯಿತು. ಬಾಜಾ ಬಜಂತ್ರಿ, ಹಂದರ, ಓಡಾಡುವ ಜನ. ನಡುವೆ ಟೊಪ್ಪಿಗೆ ಹಾಕಿಕೊಂಡು ದೊಡ್ಡಪ್ಪ ಬಂದರು. ತುಂಬಿದ ಗಲ್ಲ, ಅಗಲವಾದ ಭುಜ, ಅಂಗಿಯೊಳಗೆ ಒಂದಿಷ್ಟು ಹೊಟ್ಟೆ ಕೂಡ!

“ಅಯ್ಯ ಶಿವನ! ನಮ್ಮಣ್ಣ ಆಗ ಎಷ್ಟ ಮೈ ತುಂಬಿಕೊಂಡಿದ್ದ!” ಎಂದಳು ಹಿರೇಕೆರೂರಿನ ಗಂಗತ್ತಿ. ದೊಡ್ಡಪ್ಪನ ತಂಗಿ ಈಕೆ.

ಆ ಮಾತಿನ ತೂಕ ನಮ್ಮ ಬಳಗಕ್ಕಷ್ಟೇ ಗೊತ್ತು. ದೊಡ್ಡಪ್ಪ ಜೀವಮಾನವೆಲ್ಲ ಅಕ್ಕಿ ಮಿಲ್ಲಿನಲ್ಲಿ ದುಡಿದವರು. ಕಡ್ಡಿಯಂಥ ಮೈ. ಇಬ್ಬರ ಊಟ ಒಬ್ಬರೇ ಮಾಡುತ್ತಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ. ತಿಂದದ್ದು ಎಲ್ಲಿ ಹೋಗುತ್ತಿತ್ತೋ ಏನೋ. ಆದರೆ ಜನ ಕೇಳುತ್ತಿದ್ದದ್ದು ದೊಡ್ಡವ್ವನನ್ನು. ಗಂಗತ್ತಿಯಂತೂ ತವರಿಗೆ ಬಂದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ, “ವೈನಿ, ನಮ್ಮಣ್ಣಗ ಉಣ್ಣಾಕ ಹಾಕ್ತೀರೋ ಇಲ್ಲೋ?” ಎನ್ನುತ್ತಿದ್ದಳು. ನಗುನಗುತ್ತಲೇ. ದೊಡ್ಡವ್ವನೂ ನಗುತ್ತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿಯುತ್ತಿದ್ದಳು.

ಇಷ್ಟೆಲ್ಲ ಗೊತ್ತಿದ್ದ ಮೇಲೆ ನಾನು ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಏಕೆಂದರೆ ದಪ್ಪಗಾದವರು ದೊಡ್ಡಪ್ಪ ಒಬ್ಬರೇ ಅಲ್ಲ. ಮದುಮಗಳು, ಬಾಜಾದವರು, ಬಾಗಿಲಲ್ಲಿ ಕಟ್ಟಿದ ಆಕಳು ಎಲ್ಲರೂ ಊದಿಕೊಂಡಿದ್ದರು. ಹಳೆಯ ಕ್ಯಾಸೆಟ್ಟಿನ ಚಿತ್ರ ಹೆಚ್ಚುಕಡಿಮೆ ಚೌಕ. ಈಗಿನ ಪ್ರೊಜೆಕ್ಟರ್‌ನದು ಅಡ್ಡಕ್ಕೆ ಅಗಲ. ತುಂಬಿಸಬೇಕಲ್ಲ? ಎರಡೂ ಕಡೆ ಜಗ್ಗಿಬಿಡುತ್ತದೆ.

ಬಂಕಾಪುರದ ಬಳಿ ಹೈವೇ ಖಾನಾವಳಿಯೊಂದರ ಟಿವಿಯಲ್ಲೂ ಇದೇ ಕಥೆ. ಮಾಲೀಕರಿಗೆ ಒಮ್ಮೆ ಹೇಳಿದೆ. “ಪೂರ್ತಿ ತುಂಬೇತಲ್ರೀ, ಇನ್ನೇನ ಬೇಕ್ರಿ?” ಎಂದರು. ಅವರ ಊಟ ರುಚಿಯಾಗಿರುತ್ತದೆ, ಆದರೆ ನಾನು ಟಿವಿಗೆ ಬೆನ್ನು ಮಾಡಿ ಉಣ್ಣುತ್ತೇನೆ. ನಿಮಗೂ ಹೀಗೆ ಆಗುತ್ತದೆಯೇ, ಅಥವಾ ಈ ಜಡ್ಡು ನನಗೊಬ್ಬನಿಗೇನಾ?

“ಒಂದ್ ನಿಮಿಷ ತಡೀರಿ, ಸರಿ ಮಾಡ್ತೇನಿ” ಎಂದು ರಿಮೋಟ್ ಎತ್ತಿಕೊಂಡೆ. “ಸುಮ್ನ ಕುಂದ್ರಬಾರದ ನೀವು?” ಎಂದು ಹೆಂಡತಿ ಗೊಣಗಿದಳು. ‘ಆಸ್ಪೆಕ್ಟ್ ರೇಶಿಯೊ’ಗೆ ಹೋಗಿ, ಹಳೆಯ ಚಿತ್ರಗಳ ಅಳತೆಯಾದ ನಾಲ್ಕು-ಮೂರು ಆರಿಸಿ, ಓಕೆ ಒತ್ತಿದೆ.

ಚಿತ್ರದ ಎಡಬಲಕ್ಕೆ ಕಪ್ಪು ಪಟ್ಟಿ ಬಿತ್ತು. ನಡುವೆ ದೊಡ್ಡಪ್ಪ ನಿಂತಿದ್ದರು. ಒಳಸೇರಿದ ಗಲ್ಲ, ಎದ್ದು ಕಾಣುವ ಗಂಟಲ ಎಲುಬು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದ ಮನುಷ್ಯ. ಇವರೇ, ಇವರೇ ನಮ್ಮ ದೊಡ್ಡಪ್ಪ!

ಈ ಸಲ ‘ಹೋ’ ಬರಲಿಲ್ಲ. “ಅರ್ಧ ಗ್ವಾಡಿ ಖಾಲಿ ಬಿತ್ತಲ್ಲೋ” ಎಂದ ಬಸಣ್ಣ. ಗಂಗತ್ತಿ ಲೊಚಗುಟ್ಟಿ, “ನೋಡ್ರಿ, ಮತ್ತ ಸೊರಗಿದ” ಎಂದಳು.

ಎಲ್ಲರೂ ನಕ್ಕರು. ದೊಡ್ಡವ್ವ ನಗಲಿಲ್ಲ.

“ತಮ್ಮಾ, ಮೊದಲಿನಂಗ ಮಾಡು.”

“ಅದು ತಪ್ಪಿತ್ತು ದೊಡ್ಡವ್ವ. ಖರೆ ಇದು.”

“ಖರೆ ಯಾವುದಂತ ನನಗ ಗೊತ್ತಿಲ್ಲೇನು? ಅವರ ಜೋಡಿ ಬಾಳೇ ಮಾಡೇನಿ. ಇವತ್ತ ಮಂದಿ ಎಲ್ಲಾ ಕುಂತೈತಿ. ಒಮ್ಮೆರ ಹೊಟ್ಟಿ ತುಂಬ ಉಂಡಾವ್ರಂಗ ಕಾಣ್ಲಿ.”

ನಾನು ಮೆನುವಿಗೆ ಹೋದೆ. ಕಪ್ಪು ಪಟ್ಟಿ ಮಾಯವಾಯಿತು. ದೊಡ್ಡಪ್ಪ ಗೋಡೆಯ ತುಂಬ ಹರಡಿಕೊಂಡು, ಗಲ್ಲ ತುಂಬಿಕೊಂಡು, ಬೀಗರಿಗೆ ಬುಂದೆ ಬಡಿಸತೊಡಗಿದರು.

ತುಸು ಹೊತ್ತಿಗೆ ಗಂಗತ್ತಿ ಸರಿದು ಬಂದು ದೊಡ್ಡವ್ವನ ಪಕ್ಕ ಕುಳಿತಳು. “ವೈನಿ, ನಾ ಸುಮ್ನ ಚಾಷ್ಟಿ ಮಾಡ್ತಿದ್ದೆ. ನೀವು ಚಲೋನ ಉಣಸೀರಿ ಬಿಡ್ರಿ.”

“ಗೊತ್ತೈತಿ” ಎಂದಳು ದೊಡ್ಡವ್ವ, ಗೋಡೆಯಿಂದ ಕಣ್ಣು ಕೀಳದೆ.

ವಾಪಸು ಬರುವಾಗ ಹಾನಗಲ್ಲು ದಾಟಿದೆವು. “ಅಂತೂ ಚಿತ್ರ ಸರಿ ಮಾಡಿದ್ರಿ” ಎಂದಳು ಹೆಂಡತಿ.

ನೀವೇ ಹೇಳಿ, ನಾನು ಸರಿ ಮಾಡಿದ್ದು ಮೊದಲ ಸಲವೋ, ಎರಡನೇ ಸಲವೋ?