ಬೀಜಕ್ಕೆ ಬಿಟ್ಟ ಸೌತೆಕಾಯಿ

ಆ ಸೌತೆಕಾಯಿಯ ತೊಟ್ಟಿಗೆ ಹಳೆಯ ಸೀರೆಯಂಚಿನ ಚೂರೊಂದನ್ನು ಕಟ್ಟಿತ್ತು. ಬಳ್ಳಿಯ ಆಸರೆಗೆ ಕಟ್ಟಿದ್ದೆಂದುಕೊಂಡು ನಾನು ಅದನ್ನು ಬಿಚ್ಚಿ, ಕಾಯಿ ಕೊಯ್ದು, ನನ್ನೊಬ್ಬಳಿಗೆ ಸಾಂಬಾರು ಮಾಡಿದೆ.

ಆಲೂರಿನಲ್ಲಿ ನಮ್ಮ ಐದು ಬಾಡಿಗೆ ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯುತ್ತಿದ್ದೆವು. ನಿಜವಾಗಿ ಬೆಳೆಯುತ್ತಿದ್ದವರು ಪಕ್ಕದ ಮನೆಯ ಅಜ್ಜಿ, ಉಳಿದವರು ಕೊಯ್ಯುತ್ತಿದ್ದೆವು. ನನ್ನ ಕಿಟಕಿಯಲ್ಲಿ ಸೊಪ್ಪಿಟ್ಟು, "ಒಬ್ಳಿಗೆ ಎಷ್ಟ್ ಬೇಕವ್ವ, ತಗೋ" ಎನ್ನುವರು. ತಮಗೂ ಅದೇ ಮಾತು ಹೇಳಿಕೊಂಡು ಒಂದು ಹಿಡಿ ಉಳಿಸಿಕೊಳ್ಳುವರು. ಒಳಗೆ ಬನ್ನಿ ಎಂದು ನಾನು ಒಮ್ಮೆಯೂ ಕರೆದಿರಲಿಲ್ಲ.

ಅಂದು ಸಂಜೆ ಬಾಗಿಲಿಗೆ ಬಂದರು.

"ಬೀಜಕ್ಕೆ ಬಿಟ್ಟಿದ್ದು ಕಣವ್ವ ಅದು. ಒಂದೇ ಇದ್ದಿದ್ದು. ತಿರುಳು ಎಲ್ಲಿ ಹಾಕ್ದೆ?"

"ಕಸದ ಗಾಡಿಗೆ ಕೊಟ್ಟುಬಿಟ್ಟೆ ಅಜ್ಜಿ. ಅಂಗಡಿಯಿಂದ ಬೇರೆ ಬೀಜ ತರ್ತೀನಿ."

"ಅಂಗಡಿ ಬೀಜ ಒಂದ್ ಸಲಕ್ಕೇ ಸೈ. ಈ ತಳಿ ಇನ್ನಿರಾದು ಬೆಳಗೋಡ್ನಲ್ಲಿ, ನಮ್ ಓರಗಿತ್ತಿ ತಾವ ಮಾತ್ರ. ಅವ್ಳ್ ಜೊತೆ ಮಾತು ಬುಟ್ಟು ಒಂಬತ್ ವರ್ಷ ಆಯ್ತು."

ಹೊರಟವರು ತಿರುಗಿ ಕೇಳಿದರು: "ಸಾಂಬಾರಾದ್ರೂ ರುಚಿಯಾಗಿತ್ತಾ?"

ಮರುದಿನ ಬೆಳಗ್ಗೆ ಅವರು ಒಳ್ಳೆಯ ಸೀರೆ ಉಟ್ಟು, ಓರಗಿತ್ತಿಗೆಂದು ಎರಡು ಕಟ್ಟು ದಂಟಿನ ಸೊಪ್ಪು ಹಿಡಿದು, ಬೆಳಗೋಡಿನ ಮೊದಲ ಬಸ್ಸು ಹತ್ತಿದರು.