ಕರೆಂಟ್ ಹೋದಾಗ ಕೇಳಿಸಿದ ಡ್ರಮ್ಸ್

ಇವತ್ತು ಗೋವಿಂದರಾಜನಗರದ ಗಲ್ಲಿಯೊಂದರಲ್ಲಿ ಮಗ್ಗದ ಎಣ್ಣೆಯ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ ಅಲ್ಲೇ ತಾತನ ಪವರ್‌ಲೂಮ್ ಶೆಡ್ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಚಿಕ್ಕಮ್ಮ ಮತ್ತು ಅವಳ ಇಬ್ಬರು ಗೆಳತಿಯರು ಕದ್ದುಮುಚ್ಚಿ ಅಬ್ಬರದ ಪಂಕ್ ರಾಕ್ ಹಾಡು ಕಟ್ಟುತ್ತಿದ್ದರು. ಹುಡುಗಿಯರದೇ ಬ್ಯಾಂಡ್ ನಮ್ಮ ಕಡೆ ಬೇರೆ ಇರಲಿಲ್ಲ. ಮಗ್ಗಗಳ ಸದ್ದಿನಲ್ಲಿ ಅವರ ಕಿರುಚಾಟ ಯಾರಿಗೂ ಕೇಳಿಸುತ್ತಿರಲಿಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಡ್ರಮ್ಸ್ ಬಾರಿಸುತ್ತಿದ್ದಳು. "ಕರೆಂಟ್ ಹೋದ ತಕ್ಷಣ ನನ್ ಬೆನ್ನು ಮುಟ್ಟು ಕಣೇ. ಮಗ್ಗ ನಿಂತ್ರೆ ಬೀದಿಗೆಲ್ಲ ಕೇಳ್ಸತ್ತೆ" ಅಂತ ನನ್ನನ್ನು ಹಿಂದೆ ಕೂರಿಸಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗ, ಗಿಟಾರ್, ಮೈಕ್ ಎಲ್ಲ ಸುಮ್ಮನಾದವು. ಅವಳ ಡ್ರಮ್ಸ್ ಒಂದೇ ಕೇಳಿಸಿದ್ದು ನನಗೆ ಅದೇ ಮೊದಲು. ನಿಲ್ಲಿಸಲು ಮನಸ್ಸಾಗದೆ, ಅವಳ ಬೆನ್ನು ಮುಟ್ಟದೆ ಕೈ ಮಡಚಿ ಕೂತೆ.

ತಾತ ಬಾಗಿಲಲ್ಲಿ ನಿಂತಿದ್ದರು. "ಚೆನ್ನಾಗಿದೆಯಮ್ಮ. ಗಂಡಿನ ಕಡೆಯವ್ರು ಬಂದಾಗ್ಲೂ ಇದನ್ನೇ ಬಾರ್ಸು" ಅಂದರು. ಸಂಜೆಯೊಳಗೆ ಡ್ರಮ್ಸ್ ಗುಜರಿ ಗಾಡಿ ಹತ್ತಿತು. "ಮರೆತ್ಯಾ?" ಅಂತ ಚಿಕ್ಕಮ್ಮ ಕೇಳಿದಳು. ಹೂಂ ಅಂದೆ.

ಹಳೆಯ ಬ್ಯಾಂಡುಗಳ ಬಗ್ಗೆ ಬರೆಯುವ ಹುಡುಗಿಯೊಬ್ಬಳು ಈಗ ಅವಳನ್ನು ಹುಡುಕುತ್ತ ನನ್ನ ಬಳಿ ಬಂದಿದ್ದಾಳೆ. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಅದು ನಾನಲ್ಲ, ಬೇರೆ ಯಾರೋ ಅಂತ ಹೇಳ್ಬಿಡು ಕಣೇ."

ಈ ಸಲ ಅವಳು ಹೇಳಿದ ಹಾಗೇ ಮಾಡಿದೆ.