ಬಸ್ ಸ್ಟ್ಯಾಂಡಿನ ಫ್ಲೆಕ್ಸು

ಕಾಲೇಜಿನಲ್ಲಿ ನನ್ನ ಬಾಜೂ ಕೂರುತ್ತಿದ್ದ ಗೆಳೆಯ ತೀರಿಕೊಂಡ ಮರುದಿನವೇ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಅವನ ಫ್ಲೆಕ್ಸು ಎದ್ದುನಿಂತಿತು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ಕೆಳಗೆ 'ಗೆಳೆಯರ ಬಳಗ'. ಅವನ ಫೋಟೊ ಅಂಗೈಯಷ್ಟು. ಸುತ್ತ ಕೈಮುಗಿದು ನಿಂತ ನಮ್ಮ ಸಹಪಾಠಿಗಳ ಮುಖಗಳು ಹಿಟ್ಟು ನಾದುವ ಪರಾತದಷ್ಟು. ನಟ್ಟನಡುವೆ ಈ ಸಲ ಪಂಚಾಯ್ತಿ ಚುನಾವಣೆಗೆ ನಿಲ್ಲುವವನು, ಕಪ್ಪು ಕನ್ನಡಕ ಹಾಕಿಕೊಂಡು!

ಡಯಾಲಿಸಿಸ್‌ಗೆಂದು ಅವನು ವಾರಕ್ಕೆರಡು ಸಲ ಇದೇ ಬಸ್ ಸ್ಟ್ಯಾಂಡಿನಿಂದ ಹುಬ್ಬಳ್ಳಿಗೆ ಹೋಗಿಬರುತ್ತಿದ್ದ. ಇವರೆಲ್ಲರ ಬಳಿಯೂ ಕಾರಿದೆ. ಒಬ್ಬನೂ ಒಂದು ದಿನ ಬಾಗಿಲು ತೆಗೆದು "ಹತ್ತಲೇ" ಅನ್ನಲಿಲ್ಲ. ಮಣ್ಣಿಗೂ ಬರಲಿಲ್ಲ. "ನಿನ್ನ ಫೋಟೊನೂ ಕಳಸಲೇ, ಜಾಗಾ ಬಿಟ್ಟೀವಿ" ಎಂದು ನನಗೆ ಫೋನ್ ಮಾಡಲು ಮಾತ್ರ ಪುರುಸೊತ್ತಿತ್ತು. ಬಾಯಿಗೆ ಬಂದಂತೆ ಬೈದು ಫೋನ್ ಇಟ್ಟೆ.

ಮಾತಾಡಿಸಿಕೊಂಡು ಬರಲು ಮನೆಗೆ ಹೋದಾಗ ಅವನ ಅವ್ವ ಕೇಳಿದಳು: "ತಮ್ಮಾ, ಆ ಫ್ಲೆಕ್ಸ್ ಇಳಿಸಿದ ಮ್ಯಾಲ ನನಗ ಕೊಡಸಪಾ."

ಮಗನ ನೆನಪಿಗೆ ಗೋಡೆಗೆ ಹಾಕುತ್ತಾಳೇನೋ ಅಂದುಕೊಂಡೆ. "ಅಷ್ಟ ದೊಡ್ಡದು ಎಲ್ಲಿ ಹಾಕ್ತೀಬೇ ಯವ್ವಾ?"

"ನನ್ನ ಮಗನ ಮಾರಿ ಅಷ್ಟ ಕತ್ತರಿಸಿ ಇಟ್ಕೋತೇನಿ. ಉಳಿದವ್ರನ್ನ ಮೇವಿನ ಬಣವಿಗಿ ಹೊಚ್ಚತೇನಿ. ಮಳ್ಯಾಗ ತೊಯ್ಲಿ."